ಪ್ರೇಮ ಕಾದಂಬರಿ ಬರೆಯೋಕೆ ಪ್ರೇಮ ಮಾಡಿರಲೇಬೇಕಾ?

ಪ್ರಶ್ನೆ: ನನಗೆ 38 ವರ್ಷ. ಶಿವಮೊಗ್ಗದಲ್ಲಿದ್ದೇನೆ. ಹೈಸ್ಕೂಲಿನಿಂದಲೂ ಕಾದಂಬರಿ ಓದುವ ಹುಚ್ಚು. ಈಗ ನಾನೇ ಒಂದು ಪ್ರೇಮ ಕಾದಂಬರಿ ಬರೆಯೋಕೆ ಕೂತಿದ್ದೇನೆ. ನಾಯಕಿ ಸುಮನಾ ತೀರ್ಥಹಳ್ಳಿಯಲ್ಲಿ ಕಾಲೇಜು ಉಪನ್ಯಾಸಕಿ. ಮನೆಯಲ್ಲಿ ಅಪ್ಪ, ಅಣ್ಣ, ಅತ್ತಿಗೆ ಇದ್ದಾರೆ. ನಾಯಕ ಆದಿತ್ಯ ಬಾಸ್ಟನ್‌ನಲ್ಲಿ ಡಾಕ್ಟರು, ರಜೆಗೆ ಊರಿಗೆ ಬಂದಿದ್ದಾನೆ. ಬಸ್ಸಿನಲ್ಲಿ ಪರಿಚಯವಾಗಿ ಒಬ್ಬರಿಗೊಬ್ಬರು ಇಷ್ಟವಾಗುತ್ತಾರೆ. ಮೂರು ಅಧ್ಯಾಯ ಬರೆದೆ, ಅಲ್ಲಿಗೇ ನಿಂತುಹೋಗಿದೆ. ನಾನು ಮನೆಯವರು ನೋಡಿದ ಹುಡುಗನನ್ನು ಮದುವೆಯಾದವಳು. ಪ್ರೇಮದ ಅನುಭವವೇ ಇಲ್ಲದವಳಿಗೆ ಸ್ಫೂರ್ತಿ ಎಲ್ಲಿಂದ ಬರಬೇಕು? ಮನೆಯಲ್ಲಿ ಬರೆಯೋಕೆ ಒಂದು ಕೋಣೆಯೂ ಇಲ್ಲ. ಹೆಸರಾದ ಲೇಖಕಿಯರು ಹೇಗೆ ಬರೆದರು, ತಿಳಿಸುತ್ತೀರಾ?

ಉತ್ತರ: ಮೊದಲು ನಿಮ್ಮ ಮೂರನೇ ಅಧ್ಯಾಯದ ಮಾತು. ಅದು ನಿಂತಿರುವುದಕ್ಕೂ ನಿಮ್ಮ ಮದುವೆಗೂ ಏನೂ ಸಂಬಂಧವಿಲ್ಲ. ಸುಮನಾಳಿಗೆ ಆದಿತ್ಯ ಇಷ್ಟ. ಆದಿತ್ಯನಿಗೆ ಸುಮನಾ ಇಷ್ಟ. ಇಬ್ಬರಿಗೂ ಮದುವೆ ವಯಸ್ಸು, ಇಬ್ಬರಿಗೂ ಕೆಲಸ ಇದೆ, ಕೈಯಲ್ಲಿ ಮೊಬೈಲ್ ಇದೆ. ಮಧ್ಯೆ ಅಡ್ಡ ಬಂದಿರೋದು ಏನು? ನೀವು ಬರೆದ ಪ್ರಕಾರ ಏನೂ ಇಲ್ಲ. ಹಾಗಾಗಿ ನಾಲ್ಕನೇ ಅಧ್ಯಾಯಕ್ಕೆ ಮಾಡೋಕೆ ಕೆಲಸವೇ ಉಳಿದಿಲ್ಲ.

ಧಾರಾವಾಹಿಗೆ ಅಂತ ಬರುವ ಹಸ್ತಪ್ರತಿಗಳನ್ನು ನಾನು ಬಹಳ ವರ್ಷ ಓದಿದ್ದೇನೆ. ಪ್ರೇಮ ಕಾದಂಬರಿಗಳು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಪ್ರೀತಿ ಹುಟ್ಟಿದ್ದನ್ನು ಚೆನ್ನಾಗಿಯೇ ಬರೆದಿರುತ್ತಾರೆ. ಆಮೇಲೆ ಮಳೆ ಬರುತ್ತದೆ, ಕಾಫಿ ಕುಡಿಯುತ್ತಾರೆ, ಕಣ್ಣು ಕಣ್ಣು ಕಲೆಯುತ್ತದೆ. ಮತ್ತೆ ಮಳೆ, ಮತ್ತೆ ಕಾಫಿ. ಕಥೆ ಮುಂದಕ್ಕೆ ಹೋಗುವುದಿಲ್ಲ. ಪ್ರೀತಿ ಎಷ್ಟೇ ದೊಡ್ಡದಿದ್ದರೂ ಅದೊಂದೇ ಕಾದಂಬರಿಯನ್ನು ಎಳೆದುಕೊಂಡು ಹೋಗಲಾರದು. ಹೇಳಲೇಬೇಕು ಅನ್ನಿಸಿದ ಮಾತನ್ನು ಹೇಳೋಕೆ ಆಗದೇ ಇದ್ದಾಗ ಕಥೆ ನಡೆಯೋಕೆ ಶುರುವಾಗುತ್ತದೆ. ಯಾಕೆ ಹೇಳೋಕೆ ಆಗುತ್ತಿಲ್ಲ ಅನ್ನುವುದು ನಿಮಗೆ ಗೊತ್ತಾದ ದಿನ ಪುಟಗಳು ತಾವಾಗಿಯೇ ಬರುತ್ತವೆ.

ಈ ಅನುಭವ ನಿಮಗಿಲ್ಲ ಅಂತ ಮಾತ್ರ ಹೇಳಬೇಡಿ. ನಿಮ್ಮ ಹೆಣ್ಣು ನೋಡುವ ಶಾಸ್ತ್ರ ನೆನಪು ಮಾಡಿಕೊಳ್ಳಿ. ಹಜಾರದ ತುಂಬ ಜನ. ತಟ್ಟೆಯಲ್ಲಿ ಕೇಸರಿಬಾತು, ಉಪ್ಪಿಟ್ಟು. ಹುಡುಗನ ಸೋದರತ್ತೆ "ಹಾಡು ಬರುತ್ತಾ?" ಅಂತ ಕೇಳುತ್ತಾರೆ. ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ. ಆಮೇಲೆ ಯಾರೋ ಧಾರಾಳ ಮನಸ್ಸಿನವರು "ಇಬ್ಬರೂ ಐದು ನಿಮಿಷ ಮಾತಾಡಲಿ" ಅಂತ ಮಹಡಿಗೆ ಕಳಿಸುತ್ತಾರೆ. ಹಿಂದೆಯೇ ಒಂದು ಮಗು ಓಡಿ ಬರುತ್ತದೆ. ಇಡೀ ಜೀವನದ ಪ್ರಶ್ನೆ ಎದುರಿಗಿದೆ. ಬಾಯಿಂದ ಬರುವುದು "ನಿಮ್ಮ ಆಫೀಸು ಎಲ್ಲಿ?" ಅನ್ನುವುದು ಮಾತ್ರ. ಆ ಐದು ನಿಮಿಷದಲ್ಲಿ ನೀವು ಏನು ಕೇಳಬೇಕು ಅಂದುಕೊಂಡಿದ್ದಿರಿ, ಯಾಕೆ ಕೇಳಲಿಲ್ಲ, ಅವರ ಚಪ್ಪಲಿ ನೋಡಿ ಏನು ಊಹಿಸಿದಿರಿ? ಇದನ್ನು ಬರೆಯಬಲ್ಲವರು ಪ್ರೇಮ ಕಾದಂಬರಿ ಬರೆಯಬಲ್ಲರು. ನನಗೆ ಇದರಲ್ಲಿ ಸ್ವಲ್ಪವೂ ಅನುಮಾನ ಇಲ್ಲ.

ಇನ್ನು ಹೆಸರಾದ ಲೇಖಕಿಯರ ವಿಷಯ. ಒಬ್ಬರನ್ನೇ ಹಿಡಿದು ಹೇಳುತ್ತೇನೆ: ಜೇನ್ ಆಸ್ಟಿನ್. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಹಳ್ಳಿಯ ಪಾದ್ರಿಯ ಮಗಳು. 1775ರಲ್ಲಿ ಹುಟ್ಟಿ 1817ರಲ್ಲಿ, 41ನೇ ವಯಸ್ಸಿಗೇ ತೀರಿಕೊಂಡವರು. ಮದುವೆಯಾಗಲಿಲ್ಲ. ಆದರೂ ಪ್ರೇಮ ಕಾದಂಬರಿ ಅಂದರೆ ಇವತ್ತಿಗೂ ಮೊದಲು ಬಾಯಿಗೆ ಬರುವ ಹೆಸರು ಆಕೆಯದೇ.

ಆಕೆಯ ಬದುಕಿನಲ್ಲೂ ಒಬ್ಬ ಹುಡುಗ ಇದ್ದ. 1795ರ ಕ್ರಿಸ್‌ಮಸ್ ಹೊತ್ತಿಗೆ ಐರ್ಲೆಂಡಿನಿಂದ ಟಾಮ್ ಲೆಫ್ರಾಯ್ ಎಂಬ ಕಾನೂನು ವಿದ್ಯಾರ್ಥಿ ಪಕ್ಕದ ಊರಿನ ನೆಂಟರ ಮನೆಗೆ ಬಂದಿದ್ದ. ಇಬ್ಬರಿಗೂ 20 ವರ್ಷ. ನೃತ್ಯಕೂಟಗಳಲ್ಲಿ ಅವನ ಜೊತೆ ಕುಣಿದದ್ದನ್ನು, ಪಕ್ಕದಲ್ಲಿ ಕೂತದ್ದನ್ನು ಜೇನ್ ತನ್ನ ಅಕ್ಕ ಕ್ಯಾಸಂಡ್ರಾಗೆ ಬರೆದ ಪತ್ರ ಈಗಲೂ ಸಿಗುತ್ತದೆ. ಆದರೆ ಅವನು ದೊಡ್ಡ ಸಂಸಾರದ ಹಿರಿಮಗ. ಮನೆತನದ ಹಿರಿಯರೊಬ್ಬರ ಖರ್ಚಿನಲ್ಲಿ ಓದುತ್ತಿದ್ದ. ಈಕೆಯ ಬಳಿಯೂ ಹಣ ಇರಲಿಲ್ಲ. ಕೆಲವೇ ವಾರಗಳಲ್ಲಿ ಅವನು ಊರು ಬಿಟ್ಟು ಹೊರಟ. ಮುಂದೆ ಐರ್ಲೆಂಡಿನ ಮುಖ್ಯ ನ್ಯಾಯಾಧೀಶನಾದ. ಅದೇ 1796ರ ಅಕ್ಟೋಬರಿನಲ್ಲಿ ಜೇನ್ ಒಂದು ಕಾದಂಬರಿ ಶುರು ಮಾಡಿದರು. ಅದು ಮುಂದೆ 'ಪ್ರೈಡ್ ಅಂಡ್ ಪ್ರೆಜುಡಿಸ್' ಆಯಿತು.

ಇದನ್ನು ಓದಿದವರು ತಕ್ಷಣ "ಓ, ಆ ಟಾಮ್‌ನೇ ಕಾದಂಬರಿಯ ನಾಯಕ ಡಾರ್ಸಿ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಡಾರ್ಸಿ ಭಾರಿ ಶ್ರೀಮಂತ, ಬಿಗುಮಾನದವನು. ಟಾಮ್ ಕೈ ಖಾಲಿ ಇದ್ದ ಹುಡುಗ. ಜೇನ್ ಆ ಅನುಭವದಿಂದ ತೆಗೆದುಕೊಂಡದ್ದು ಹುಡುಗನನ್ನಲ್ಲ, ಅಡ್ಡಿಯನ್ನು ಅಂತ ನನ್ನ ಅಭಿಪ್ರಾಯ. ಆಸ್ತಿ ಇಲ್ಲದ ಹೆಣ್ಣುಮಕ್ಕಳಿಗೆ ಮನಸ್ಸಿಗೆ ಒಪ್ಪಿದವರು ಸಿಕ್ಕರೂ ಮದುವೆ ಕಷ್ಟ. ಈ ಒಂದು ಸಂಗತಿ ಆಕೆಯ ಎಲ್ಲ ಕಾದಂಬರಿಗಳ ಒಳಗೂ ಇದೆ. ಯಾರಿಗೆ ವರ್ಷಕ್ಕೆ ಎಷ್ಟು ಪೌಂಡ್ ವರಮಾನ ಅಂತ ಆಕೆ ಅಂಕಿ ಸಮೇತ ಬರೆಯುತ್ತಾರೆ. ಪ್ರೇಮದ ಕಥೆಯಲ್ಲಿ ಲೆಕ್ಕಾಚಾರ ಯಾಕೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಆದರೆ ಆ ಲೆಕ್ಕ ಇಲ್ಲದಿದ್ದರೆ ಅಲ್ಲಿ ಯಾರಿಗೂ ಮಾತು ನುಂಗಿಕೊಳ್ಳುವ ಅಗತ್ಯವೇ ಬರುತ್ತಿರಲಿಲ್ಲ.

ನಿಮಗೆ ನಿಜವಾಗಿ ತೋರಿಸಬೇಕು ಅನ್ನಿಸಿರುವುದು ಆಕೆಯ ಕೊನೆಯ ಪೂರ್ಣ ಕಾದಂಬರಿ 'ಪರ್ಸ್ವೇಷನ್'. ಆಕೆ ಮುಗಿಸಿ ಅಚ್ಚಾದ ಕಾದಂಬರಿಗಳ ಪೈಕಿ ಇದೊಂದರ ಕೈಬರಹದ ಕರಡು ಮಾತ್ರ ಉಳಿದಿದೆ, ಅದೂ ಕೊನೆಯ ಎರಡು ಅಧ್ಯಾಯ. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪ್ರೇಮ ಕಾದಂಬರಿಕಾರರ ಕೈ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ.

ಕಥೆ ಇಷ್ಟು. ಆ್ಯನ್ ಎಲಿಯಟ್‌ಗೆ 19 ವರ್ಷ ಇದ್ದಾಗ ವೆಂಟ್‌ವರ್ತ್ ಎಂಬ ನೌಕಾಪಡೆಯ ಹುಡುಗನ ಜೊತೆ ಮದುವೆಯ ಮಾತಾಗಿತ್ತು. ಅವನಿಗೆ ಆಸ್ತಿ ಇಲ್ಲ ಅಂತ ಹಿರಿಯರು ಬುದ್ಧಿ ಹೇಳಿ ಬಿಡಿಸಿದರು. ಆಕೆಯೂ ಕೇಳಿದಳು. ಎಂಟು ವರ್ಷ ಆದ ಮೇಲೆ ಅವನು ಹಣವಂತನಾಗಿ, ಕ್ಯಾಪ್ಟನ್ ಆಗಿ ಅದೇ ಬಳಗದೊಳಗೆ ಬರುತ್ತಾನೆ. ಈಗ ಆ್ಯನ್‌ಗೆ 27. ಪ್ರೀತಿ ಆರಿಲ್ಲ. ಆದರೆ ಬೇಡ ಅಂದವಳು ತಾನೇ. ಯಾವ ಮುಖ ಇಟ್ಟುಕೊಂಡು ಮಾತಾಡುವುದು? ಅಡ್ಡಿ ಹೊರಗಿನದಲ್ಲ, ಆಕೆ ಅಂದು ಆಡಿದ ಮಾತೇ ಅಡ್ಡಿ. ಎಷ್ಟು ಗಟ್ಟಿಯಾದ ಅಡ್ಡಿ ನೋಡಿ!

1816ರ ಜುಲೈಯಲ್ಲಿ ಜೇನ್ ಕೊನೆಯ ಅಧ್ಯಾಯಗಳನ್ನು ಬರೆದು ಮುಗಿಸಿದರು. ಆ ಕರಡಿನಲ್ಲಿ ಇಬ್ಬರೂ ಒಂದಾಗುವುದು ಹೀಗೆ: ಆ್ಯನ್ ಇನ್ನೊಬ್ಬರನ್ನು ಮದುವೆಯಾಗುತ್ತಾಳೆ ಅಂತ ಊರಲ್ಲಿ ಸುದ್ದಿ. ಒಬ್ಬ ವಯಸ್ಸಾದ ಅಡ್ಮಿರಲ್, "ನಿಜವೋ ಸುಳ್ಳೋ ನೀನೇ ಕೇಳಿಬಿಡು" ಅಂತ ವೆಂಟ್‌ವರ್ತ್‌ನನ್ನು ಕಳಿಸುತ್ತಾರೆ. ಅವನು ಮುಜುಗರದಿಂದ ಕೇಳುತ್ತಾನೆ. ಆಕೆ ಸುಳ್ಳು ಅನ್ನುತ್ತಾಳೆ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮುಗಿಯಿತು. ಕಥೆಯೇನೋ ಸರಿಯಾಗಿಯೇ ಮುಗಿದಿದೆ. ಆದರೆ ಜೇನ್‌ಗೆ ಸಮಾಧಾನ ಆಗಲಿಲ್ಲ. ಸಪ್ಪಗಿದೆ ಅನ್ನಿಸಿ ಬೇಸರದಲ್ಲೇ ಮಲಗಿದರು, ಬೆಳಿಗ್ಗೆ ಎದ್ದಾಗ ಹೊಸ ಹುರುಪಿತ್ತು ಅಂತ ಆಕೆಯ ಅಣ್ಣನ ಮಗ ಮುಂದೆ ಬರೆದಿದ್ದಾನೆ. ಆಗ ಆಕೆಗೆ ಆರೋಗ್ಯವೂ ಕೆಡುತ್ತಿತ್ತು. ಆದರೂ ಬಿಡಲಿಲ್ಲ. ಆಗಸ್ಟ್ ಮೊದಲ ವಾರಕ್ಕೆಲ್ಲ ಆ ಭಾಗ ಬೇರೆಯೇ ಆಗಿತ್ತು.

ಹೊಸದರಲ್ಲಿ ಏನಾಗುತ್ತದೆ ಗೊತ್ತಾ? ಬಾತ್ ಊರಿನ ಒಂದು ಹೋಟೆಲಿನ ಕೋಣೆ. ನಾಲ್ಕೈದು ಜನ ಇದ್ದಾರೆ. ವೆಂಟ್‌ವರ್ತ್ ಒಂದು ಮೇಜಿನ ಬಳಿ ಕೂತು ಪತ್ರ ಬರೆಯುತ್ತಿದ್ದಾನೆ. ಕಿಟಕಿಯ ಹತ್ತಿರ ಅವನ ಗೆಳೆಯ ಹಾರ್ವಿಲ್ ಆ್ಯನ್ ಜೊತೆ ಮಾತಾಡುತ್ತಿದ್ದಾನೆ. ಹಾರ್ವಿಲ್‌ನ ಕೈಯಲ್ಲಿ ಒಂದು ಪುಟ್ಟ ಚಿತ್ರ ಇದೆ. ತೀರಿಹೋದ ಅವನ ತಂಗಿಗೆ ಕೊಡಲೆಂದು ಆಕೆಯ ಗಂಡಾಗಬೇಕಿದ್ದವನು ಬರೆಸಿದ ತನ್ನದೇ ಚಿತ್ರ. ಈಗ ಅದೇ ಚಿತ್ರಕ್ಕೆ ಹೊಸ ಚೌಕಟ್ಟು ಹಾಕಿಸಿ ಮತ್ತೊಬ್ಬ ಹುಡುಗಿಗೆ ಕೊಡಬೇಕಾಗಿದೆ. ಆ ಕೆಲಸದ ಪತ್ರವನ್ನೇ ವೆಂಟ್‌ವರ್ತ್ ಬರೆಯುತ್ತಿರುವುದು. ನನ್ನ ತಂಗಿ ಇಷ್ಟು ಬೇಗ ಮರೆಯುತ್ತಿರಲಿಲ್ಲ ಅಂತ ಹಾರ್ವಿಲ್ ನೊಂದುಕೊಳ್ಳುತ್ತಾನೆ. ಅಲ್ಲಿಂದ ಚರ್ಚೆ ಶುರು: ಬೇಗ ಮರೆಯುವವರು ಗಂಡಸರೋ ಹೆಂಗಸರೋ? ಮೇಜಿನ ಕಡೆಯಿಂದ ಪೆನ್ನು ಬಿದ್ದ ಸದ್ದಾಗುತ್ತದೆ. ಅವನು ಅಷ್ಟು ಹತ್ತಿರ ಇದ್ದಾನೆ ಅಂತ ಆ್ಯನ್‌ಗೆ ಗೊತ್ತಾಗುವುದೇ ಆಗ. ಆಸೆ ಎಲ್ಲ ಹೋದ ಮೇಲೂ ಪ್ರೀತಿಸುತ್ತಲೇ ಇರುವುದು ಹೆಣ್ಣಿನ ಪಾಲು ಅಂತ ಆಕೆ ಕೊನೆಗೆ ಹಾರ್ವಿಲ್‌ಗೆ ಹೇಳುತ್ತಾಳೆ. ವೆಂಟ್‌ವರ್ತ್ ತಲೆ ಎತ್ತುವುದಿಲ್ಲ. ಇನ್ನೊಂದು ಹಾಳೆಯ ಮೇಲೆ ಗಡಿಬಿಡಿಯಲ್ಲಿ ಏನೋ ಬರೆಯುತ್ತಾನೆ. ಎದ್ದು ಹೋಗುತ್ತಾನೆ. ಗ್ಲೌಸ್ ಮರೆತೆ ಅಂತ ಮತ್ತೆ ಬರುತ್ತಾನೆ. ಹರಡಿದ ಕಾಗದಗಳ ಕೆಳಗಿಂದ ಒಂದು ಪತ್ರ ಎಳೆದು ಆಕೆಯ ಮುಂದೆ ಇಟ್ಟು ಹೋಗುತ್ತಾನೆ. ಅರ್ಧ ಸಂಕಟ, ಅರ್ಧ ಆಸೆ ಅಂತ ಆ ಪತ್ರದಲ್ಲಿ ತನ್ನ ಸ್ಥಿತಿ ಹೇಳಿಕೊಂಡಿದ್ದಾನೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಅಡ್ಮಿರಲ್ ಬಂದು ಅಡ್ಡಿಯನ್ನು ಎತ್ತಿ ಪಕ್ಕಕ್ಕಿಟ್ಟ. ಆ್ಯನ್ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಳು ಅಷ್ಟೇ. ಎರಡನೆಯದರಲ್ಲಿ ಅಡ್ಡಿ ಕೊನೇ ನಿಮಿಷದವರೆಗೂ ಹಾಗೇ ಇದೆ. ಕೋಣೆ ತುಂಬ ಜನ, ನೇರ ಮಾತಾಡುವ ಹಾಗಿಲ್ಲ. ಆದರೂ ಎಂಟು ವರ್ಷದ ಮಾತನ್ನು ಆಕೆ ಬೇರೆಯವರಿಗೆ ಹೇಳುತ್ತಾ ಹೇಳುತ್ತಾ ಅವನಿಗೆ ಮುಟ್ಟಿಸಿಬಿಡುತ್ತಾಳೆ. ಅವನು ಬೇರೆ ಯಾವುದೋ ಪತ್ರ ಬರೆಯುವ ನೆಪದಲ್ಲಿ ಆಕೆಗೆ ಬರೆಯುತ್ತಾನೆ. ಓದುವಾಗ ಎದೆ ಬಡಿದುಕೊಳ್ಳುತ್ತದೆ. ನಾನು ಎಷ್ಟು ಸಲ ಓದಿದರೂ ಬಡಿದುಕೊಳ್ಳುತ್ತದೆ.

ನೀವು ಸ್ಫೂರ್ತಿ ಅಂತ ಕೇಳಿದಿರಲ್ಲ, ಅದು ಇಲ್ಲಿ ಎಲ್ಲಿ ಬಂತು? ಬರೆಯೋಕೆ ಮೊದಲು ಬರಲಿಲ್ಲ. ಬರೆದು ಮುಗಿಸಿದ ಮೇಲೆ, ಬರೆದದ್ದು ಸಾಲದು ಅನ್ನಿಸಿದಾಗ ಬಂತು. ಸ್ಫೂರ್ತಿ ಬಂದ ಮೇಲೆ ಬರೆಯುತ್ತೇನೆ ಅಂತ ಕಾಯುವವರಿಗೆ ನಾನು ಈ ಎರಡು ಅಧ್ಯಾಯಗಳ ಕಥೆಯನ್ನೇ ಹೇಳುವುದು. ಕರಡು ಕೈಯಲ್ಲಿಲ್ಲದೆ ಅದು ಬರುವುದು ಬಹಳ ಅಪರೂಪ.

ಹಾಗಾದರೆ ಸ್ವಂತ ಪ್ರೇಮದ ಅನುಭವ ಇದ್ದವರಿಗೆ ಸುಲಭವಾ? ಅದೂ ಇಲ್ಲ. ಇಂಗ್ಲೆಂಡಿನ ಇನ್ನೊಬ್ಬ ಲೇಖಕಿ ಷಾರ್ಲೆಟ್ ಬ್ರಾಂಟಿ 1842ರಲ್ಲಿ ಬ್ರಸೆಲ್ಸ್‌ಗೆ ಓದಲು ಹೋದರು. ಅಲ್ಲಿ ಪಾಠ ಹೇಳುತ್ತಿದ್ದ, ಮದುವೆಯಾಗಿದ್ದ ಹೆಜೆ ಎಂಬ ಮೇಷ್ಟರ ಮೇಲೆ ಮನಸ್ಸಾಯಿತು. ಊರಿಗೆ ಮರಳಿದ ಮೇಲೆ ಪತ್ರದ ಮೇಲೆ ಪತ್ರ ಬರೆದರು. ಮೇಷ್ಟರು ಅವನ್ನು ಹರಿದು ಹಾಕಿದರು. ಆ ಚೂರುಗಳನ್ನು ಅವರ ಹೆಂಡತಿಯೇ ಜೋಡಿಸಿ ಹೊಲಿದಿಟ್ಟರು ಅಂತ ಮನೆಯವರು ಹೇಳಿದ್ದಾರೆ. ಹೊಲಿಗೆ ಹಾಕಿದ ಆ ಹಾಳೆಗಳು ಈಗಲೂ ಲಂಡನ್ನಿನಲ್ಲಿವೆ. ಇಷ್ಟು ತೀವ್ರವಾದ ಅನುಭವ ಇಟ್ಟುಕೊಂಡು ಷಾರ್ಲೆಟ್ ಬ್ರಸೆಲ್ಸ್ ಬಗ್ಗೆ ಬರೆದ ಮೊದಲ ಕಾದಂಬರಿ 'ದ ಪ್ರೊಫೆಸರ್' ಅನ್ನು ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ತಿರಸ್ಕರಿಸಿದರು. ಆಕೆ ಬದುಕಿರುವವರೆಗೆ ಅದು ಅಚ್ಚಾಗಲೇ ಇಲ್ಲ. ಅದೇ ಊರು, ಅಂಥದೇ ಶಾಲೆ, ಅಂಥದೇ ಮೇಷ್ಟರು 1853ರಲ್ಲಿ 'ವಿಲೆಟ್' ಆಗಿ ಮತ್ತೆ ಬಂದಾಗ ದೊಡ್ಡ ಕೃತಿಯಾಯಿತು. ಬ್ರಸೆಲ್ಸ್‌ಗೆ ಹೋಗಿ ಆಗಲೇ ಹತ್ತು ವರ್ಷ ದಾಟಿತ್ತು. ಅನುಭವ ಬಿಸಿ ಇರುವಾಗ ನಮ್ಮ ನೋವು ಮಾತ್ರ ಕಾಣುತ್ತದೆ. ಎದುರಿನವರಿಗೆ ಏನು ಅಡ್ಡಿ ಇತ್ತು ಅಂತ ಕಾಣೋಕೆ ಸಮಯ ಬೇಕು.

ಈಗ ನಿಮ್ಮ ಬಾಸ್ಟನ್ ಡಾಕ್ಟರ ವಿಷಯ. ಜೇನ್‌ಗೆ ಆ್ಯನಾ ಅಂತ ಒಬ್ಬ ಅಣ್ಣನ ಮಗಳು ಇದ್ದಳು. ಅವಳೂ ಕಾದಂಬರಿ ಬರೆಯುತ್ತಿದ್ದಳು, ಸೋದರತ್ತೆ ಜೇನ್‌ಗೆ ಕಳಿಸುತ್ತಿದ್ದಳು. 1814ರಲ್ಲಿ ಜೇನ್ ಅವಳಿಗೆ ಕೊಟ್ಟ ಸಲಹೆಗಳು ಪತ್ರಗಳಲ್ಲಿ ಉಳಿದಿವೆ. ನಿನ್ನ ಪಾತ್ರಗಳು ಬೇಕಾದರೆ ಐರ್ಲೆಂಡಿಗೆ ಹೋಗಲಿ, ಆದರೆ ಅಲ್ಲಿನ ನಡೆನುಡಿ ನಿನಗೆ ಗೊತ್ತಿಲ್ಲ, ನೀನು ಅವರ ಹಿಂದೆ ಹೋಗಬೇಡ ಅಂತ ಬರೆದರು. ಒಂದು ಹಳ್ಳಿಯ ಮೂರು ನಾಲ್ಕು ಸಂಸಾರ ಇದ್ದರೆ ಕಾದಂಬರಿಗೆ ಅದೇ ಸರಿಯಾದ ಸಾಮಗ್ರಿ ಅಂತಲೂ ಬರೆದರು. ನಿಮಗೂ ಇದನ್ನೇ ಹೇಳುತ್ತೇನೆ. ಆದಿತ್ಯ ಬಾಸ್ಟನ್‌ಗೆ ವಾಪಸ್ ಹೋಗಲಿ, ತೊಂದರೆ ಇಲ್ಲ. ನೀವು ತೀರ್ಥಹಳ್ಳಿಯಲ್ಲೇ ಇರಿ. ಅವನ ಆಸ್ಪತ್ರೆಯ ಕಾರಿಡಾರ್ ನಿಮಗೆ ಗೊತ್ತಿಲ್ಲ. ರಾತ್ರಿ ಹತ್ತೂವರೆಗೆ ಅವನ ಫೋನು ಬಂದಾಗ ಸುಮನಾ ಯಾವ ಕೋಣೆಗೆ ಹೋಗಿ ಮಾತಾಡುತ್ತಾಳೆ, ಅಲ್ಲಿ ನೆಟ್‌ವರ್ಕ್ ಸಿಗುತ್ತದಾ, ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಯಾವಾಗ ನಿಲ್ಲುತ್ತದೆ ಅನ್ನುವುದೆಲ್ಲ ನಿಮಗೆ ಚೆನ್ನಾಗಿ ಗೊತ್ತು.

ತೀರ್ಥಹಳ್ಳಿ ಅಂದ ಮೇಲೆ ಎಂ.ಕೆ. ಇಂದಿರಾ ನೆನಪಾಗಲೇಬೇಕು. ಅಲ್ಲೇ ಹುಟ್ಟಿದವರು. ಚಿಕ್ಕ ವಯಸ್ಸಿಗೇ ಮದುವೆ, ಓದಿದ್ದು ಕಡಿಮೆ. ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂದಾಗ ವಯಸ್ಸು 45 ದಾಟಿತ್ತು. ನಿಮಗಿನ್ನೂ 38. ವಯಸ್ಸಿನ ಚಿಂತೆ ಬಿಟ್ಟುಬಿಡಿ.

ಕೋಣೆಯ ವಿಷಯಕ್ಕೆ ಬರುತ್ತೇನೆ. ಜೇನ್‌ಗೂ ಬರೆಯುವ ಕೋಣೆ ಇರಲಿಲ್ಲ. ಚಾಟನ್ ಎಂಬ ಹಳ್ಳಿಯ ಮನೆಯಲ್ಲಿ ಜನ ಓಡಾಡುವ ಜಾಗದಲ್ಲೇ ಬರೆಯುತ್ತಿದ್ದರು. ಆಕೆಯದು ಅಂತ ಹೇಳುವ ಹನ್ನೆರಡು ಮೂಲೆಯ ಪುಟ್ಟ ಮೇಜು ಈಗಲೂ ಆ ಮನೆಯಲ್ಲಿದೆ. ಅದರ ಮೇಲೆ ಒಂದು ಹಾಳೆ, ಒಂದು ಮಸಿಕುಡಿಕೆ ಹಿಡಿಸಿದರೆ ಹೆಚ್ಚು. ಯಾರಾದರೂ ಬಂದರೆ ತಕ್ಷಣ ಮುಚ್ಚಿಡಲು ಆಗುವಂಥ ಚಿಕ್ಕ ಹಾಳೆ ಬಳಸುತ್ತಿದ್ದರಂತೆ. ಅಲ್ಲಿನ ಒಂದು ಬಾಗಿಲು ಕಿರ್ ಅನ್ನುತ್ತಿತ್ತು. ಅದನ್ನು ಸರಿ ಮಾಡಿಸೋದು ಬೇಡ ಅಂದರಂತೆ, ಜನ ಬರುವುದು ಗೊತ್ತಾಗಲಿ ಅಂತ. ಈ ಬಾಗಿಲಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಆ ಮನೆಯ ಕೆಲಸದ ಜವಾಬ್ದಾರಿಯನ್ನು ಹೆಚ್ಚಾಗಿ ಹೊತ್ತವರು ಅಕ್ಕ ಕ್ಯಾಸಂಡ್ರಾ ಮತ್ತು ಜೊತೆಗಿದ್ದ ಗೆಳತಿ ಮಾರ್ತಾ ಲಾಯ್ಡ್. ಜೇನ್ ಪಾಲಿಗೆ ಇದ್ದದ್ದು ಬೆಳಗಿನ ತಿಂಡಿ, ಚಹಾ ಮತ್ತು ಸಕ್ಕರೆಯ ಉಸ್ತುವಾರಿ. 1801ರಿಂದ 1809ರವರೆಗೆ, ನೆಲೆ ಇಲ್ಲದೆ ಊರಿಂದೂರಿಗೆ ಅಲೆಯುತ್ತಿದ್ದ ಕಾಲದಲ್ಲಿ, ಒಂದು ಕಾದಂಬರಿ ಶುರು ಮಾಡಿ ಅರ್ಧಕ್ಕೇ ಬಿಟ್ಟರು. ಚಾಟನ್‌ಗೆ ಬಂದು ಕೈ ಬಿಡುವಾದ ಮೇಲೆ ಕೆಲವೇ ವರ್ಷಗಳಲ್ಲಿ ಒಂದರ ಹಿಂದೆ ಒಂದು ಬಂದವು. ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಕೋಣೆ ಕೇಳಬೇಡಿ, ಒಂದು ಕೆಲಸ ಇಳಿಸಿಕೊಳ್ಳಿ. ಸಂಜೆಯ ಚಪಾತಿಯನ್ನು ಯಜಮಾನರು ಮಾಡಲಿ. ಆ ಒಂದು ಗಂಟೆ ನಿಮ್ಮದು. ಇದನ್ನು ಕೇಳೋಕೆ ಸಂಕೋಚ ಪಡಬೇಡಿ.

ಬರೆಯುವ ವಿಧಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು. ಇಂಗ್ಲಿಷಿನ ಪ್ರೇಮ ಕಾದಂಬರಿಕಾರ್ತಿ ಬಾರ್ಬರಾ ಕಾರ್ಟ್‌ಲೆಂಡ್ ಸೋಫಾದ ಮೇಲೆ ಒರಗಿಕೊಂಡು ಹೇಳುತ್ತಾ ಹೋಗುತ್ತಿದ್ದರು, ಸೆಕ್ರೆಟರಿ ಬರೆದುಕೊಳ್ಳುತ್ತಿದ್ದರು. ಆಕೆಯ ಪುಸ್ತಕಗಳು ಏಳುನೂರಕ್ಕೂ ಹೆಚ್ಚು. ಅಂಥದೇ ಇನ್ನೊಬ್ಬ ಲೇಖಕಿ ಜಾರ್ಜೆಟ್ ಹೇಯರ್ ಹಳೆಯ ಕಾಲದ ಬಟ್ಟೆ, ಗಾಡಿ, ಬೈಗುಳ ಎಲ್ಲವನ್ನೂ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ನಿಮಗೆ ಯಾವುದು ಒಗ್ಗುತ್ತದೋ ಅದು. ಒಂದನ್ನು ಮಾತ್ರ ಮಾಡಿ ನೋಡಿ. ಸುಮನಾ, ಆದಿತ್ಯ ಇಬ್ಬರೇ ಇರುವ ದೃಶ್ಯಗಳನ್ನು ಕಡಿಮೆ ಮಾಡಿ. ಪ್ರತಿ ಸಲ ಮೂರನೆಯವರೊಬ್ಬರನ್ನು ಅಲ್ಲಿ ಕೂರಿಸಿ. ಅವರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವಾಗ ಇಬ್ಬರೂ ಹೇಗೆ ಮಾತಾಡುತ್ತಾರೆ ಅಂತ ನೋಡಿ.

ಅಡ್ಡಿ ಯಾವುದು ಇರಬೇಕು ಅಂತ ನೀವು ಕೇಳಬಹುದು. ಒಂದು ಫೋನ್ ಮಾಡಿದರೆ ತೀರಿಹೋಗುವ ತಪ್ಪು ತಿಳಿವಳಿಕೆ ಬೇಡ. ಅದನ್ನು ಇನ್ನೂರು ಪುಟ ಎಳೆದರೆ ಓದುಗರಿಗೆ ಸಿಟ್ಟು ಬರುತ್ತದೆ. ತ್ರಿವೇಣಿಯವರ 'ಬೆಳ್ಳಿಮೋಡ' ನೋಡಿ. ಇಂದಿರಾ ಒಬ್ಬಳೇ ಮಗಳು, ಆಸ್ತಿಯೆಲ್ಲ ಅವಳಿಗೇ ಅಂತ ಮೋಹನ ಮದುವೆಗೆ ಒಪ್ಪಿದ್ದಾನೆ. ಅವನ ವಿದೇಶದ ಓದಿನ ಖರ್ಚು ಹೆಣ್ಣಿನ ಮನೆಯವರದೇ. ಅಷ್ಟರಲ್ಲಿ ಅವಳಿಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಒಂದು ಮಗು ಹುಟ್ಟಿದ ಸಂತೋಷದ ಸುದ್ದಿಯೇ ಅಡ್ಡಿಯಾಗುತ್ತದೆ! ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರಿಗೆ ಮನೆಯೊಳಗಿನ ಈ ಒತ್ತಡಗಳು ಎಷ್ಟು ಚೆನ್ನಾಗಿ ಗೊತ್ತಿದ್ದವು ಅಂತ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ. ಮೋಹನ ಕೊನೆಗೆ ಮನಸ್ಸು ಬದಲಿಸಿ ಬಂದಾಗ ಇಂದಿರಾ ಒಪ್ಪುವುದಿಲ್ಲ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಆ ನಿರಾಕರಣೆಯನ್ನೇ ಜನ ಮನಸ್ಸಿನಲ್ಲಿ ಇಟ್ಟುಕೊಂಡರು. ಅಂದರೆ ಪ್ರೇಮ ಕಾದಂಬರಿ ಮದುವೆಯಲ್ಲೇ ಮುಗಿಯಬೇಕು ಅಂತ ಕನ್ನಡದ ಓದುಗರು ಯಾವತ್ತೂ ಹಟ ಹಿಡಿದಿಲ್ಲ. ನಿಮ್ಮ ಕೊನೆಯನ್ನು ಈಗಲೇ ತೀರ್ಮಾನ ಮಾಡಬೇಡಿ.

ನಿಮ್ಮ ಕಥೆಯಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಸುಮನಾಳ ಮನೆ. ಅಪ್ಪ, ಅಣ್ಣ, ಅತ್ತಿಗೆ ಇದ್ದಾರೆ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅವಳ ಸಂಬಳ ಎಲ್ಲಿಗೆ ಹೋಗುತ್ತದೆ? ಅಣ್ಣನ ಸಾಲಕ್ಕೋ, ಅಪ್ಪನ ಔಷಧಿಗೋ? ಅವಳು ಮದುವೆಯಾಗಿ ಬಾಸ್ಟನ್‌ಗೆ ಹೋದರೆ ಆ ಮನೆ ಹೇಗೆ ನಡೆಯುತ್ತದೆ? ಇದು ಎಲ್ಲರಿಗಿಂತ ಮೊದಲು ಅತ್ತಿಗೆಗೆ ಗೊತ್ತಾಗುತ್ತದೆ. ಅವಳು ಕೆಟ್ಟವಳಾಗಿರಬೇಕಿಲ್ಲ. ಸುಮನಾ ಹೋಗಲಿ ಅಂತಲೂ ಅವಳಿಗೆ ಆಸೆ ಇರಬಹುದು, ಹೋಗಬಾರದು ಅಂತಲೂ ಇರಬಹುದು. ನಾಲ್ಕನೇ ಅಧ್ಯಾಯದಲ್ಲಿ ಆದಿತ್ಯನನ್ನು ಊಟಕ್ಕೆ ಕರೆಯಿರಿ. ಅತ್ತಿಗೆಯೇ ಬಡಿಸಲಿ.